ಬಾಂದ್ರಾ ಪೂರ್ವದ ಟೈಪಿಂಗ್ ಅಂಗಡಿ: ಮಾವನ ಲೇಬರ್ ಕೋರ್ಟ್ ಸಾಕ್ಷಿಗೆ ಇಲ್ಲೇ ತಯಾರಿ ಮಾಡಿಸಿದೆವು

ಇದು ವಕೀಲರ ಆಫೀಸಿನ ರಿವ್ಯೂ ಅಲ್ಲ. ಮುಂಬೈಯ ಬಾಂದ್ರಾ ಪೂರ್ವದಲ್ಲಿ ಚೇತನಾ ಕಾಲೇಜಿನ ಹತ್ತಿರ ಲೇಬರ್ ಕೋರ್ಟ್ ಇದೆಯಲ್ಲ, ಅಲ್ಲಿಂದ ಸ್ಟೇಷನ್ ಕಡೆ ನಡೆದು ಬರುವಾಗ ಸಿಗುವ ಒಂದು ಝೆರಾಕ್ಸ್-ಟೈಪಿಂಗ್ ಅಂಗಡಿಯದ್ದು. ಬೋರ್ಡಿನಲ್ಲಿ ಅಂಗಡಿಯ ಹೆಸರಿಗಿಂತ ‘ಟೈಪಿಂಗ್, ಅಫಿಡವಿಟ್, ಸ್ಪೈರಲ್’ ಅನ್ನುವ ಅಕ್ಷರಗಳೇ ದಪ್ಪ, ಅದೂ ಮರಾಠಿಯಲ್ಲಿ. ಒಳಗೆ ಕೂತವರು ಮಾತ್ರ ಅಕ್ಕಲಕೋಟೆ ಕಡೆಯ ಕನ್ನಡದವರು. ಎಷ್ಟೋ ವರ್ಷ ಒಂದು ಯೂನಿಯನ್ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಂಡಿದ್ದವರು, ಅದು ಮುಚ್ಚಿದ ಮೇಲೆ ಈ ಅಂಗಡಿ ಹಾಕಿದ್ದಾರೆ. ಹೆಸರು ಹಾಕಲಾ ಅಂತ ಕೇಳಿದ್ದಕ್ಕೆ, ‘ಬ್ಯಾಡ್ರಿ, ನಾ ವಕೀಲ ಅಲ್ಲ, ನಾಳೆ ಯಾರರ ಬಂದು ಕಾಯ್ದೆ ಹೇಳ್ತೀಯಂತ ಅಂತ ಜಗಳ ತಗೀತಾರ’ ಎಂದರು. ಹಾಗಾಗಿ ಗುರುತು ಇಷ್ಟೇ. ಹೋದವರಿಗೆ ಸಿಕ್ಕೇ ಸಿಗುತ್ತದೆ, ಆ ಸಾಲಿನಲ್ಲಿ ಕನ್ನಡದಲ್ಲಿ ಬೈಗುಳ ಕೇಳಿಸುವುದು ಅಲ್ಲೊಂದೇ ಕಡೆ.

ನನ್ನಿಂದ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಕೆಳಗೆ ಬರುತ್ತದೆ.

ಕೇಸು ಯಾವುದು ಅಂತ ಹೇಳದೆ ಈ ಅಂಗಡಿಯ ಬೆಲೆ ತಿಳಿಯುವುದಿಲ್ಲ. ನನ್ನ ಮಾವ, ಅಂದರೆ ಅಮ್ಮನ ತಮ್ಮ, ಕುಂದಾಪುರ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದವರು. ಹೋಟೆಲ್ ಹುಡುಗರಿಗೆಂದೇ ನಡೆಯುತ್ತಿದ್ದ ಕನ್ನಡ ರಾತ್ರಿಶಾಲೆಗೆ ಸ್ವಲ್ಪ ದಿನ ಹೋಗಿ, ನಿದ್ದೆ ತಡೆಯಲಾಗದೆ ಬಿಟ್ಟವರು. 2000ದಲ್ಲಿ ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲ್ ಸೇರಿದರು. ಸಪ್ಲೈಯರ್, ಆಮೇಲೆ ಸ್ಟೋರು, ಆಮೇಲೆ ಗಲ್ಲಾ. 2022ರಲ್ಲಿ ಹೋಟೆಲನ್ನು ರಿನೋವೇಷನ್ ಅಂತ ಮುಚ್ಚಿದರು. ‘ಊರಿಗೆ ಹೋಗಿ ಬಾ, ಶುರುವಾದಾಗ ಫೋನ್ ಮಾಡ್ತೇವೆ’ ಎಂದರು. ಫೋನ್ ಬರಲಿಲ್ಲ. ಹೋಟೆಲ್ ಶುರುವಾಯಿತು, ಹೊಸ ಹುಡುಗರು ಬಂದರು, ಮಾವ ಊರಲ್ಲಿ ಕೂತು ಫೋನ್ ಕಾಯುತ್ತಲೇ ಇದ್ದರು. ಕೊನೆಗೆ ಇವರೇ ಬಂದು ಕೇಳಿದರೆ, ‘ನೀವೇ ಕೆಲಸ ಬಿಟ್ಟು ಹೋದದ್ದಲ್ವಾ’ ಅಂತ ಉತ್ತರ. ಒಂದು ಚೀಟಿ ಇಲ್ಲ, ನೋಟಿಸ್ ಇಲ್ಲ.

ಆ ಕಾಯುವಿಕೆಯಲ್ಲಿ ಒಂದು ದಾರಿ ಮುಚ್ಚಿಹೋಗಿತ್ತು. ಮಹಾರಾಷ್ಟ್ರದಲ್ಲಿ 1971ರ ಒಂದು ಕಾಯ್ದೆ ಇದೆ, ಎಂಆರ್‌ಟಿಯು ಪಲ್ಪ್ ಅಂತ ಕೋರ್ಟ್ ಹತ್ತಿರ ಎಲ್ಲರೂ ಕರೆಯುತ್ತಾರೆ. ಅನ್ಯಾಯವಾಗಿ ತೆಗೆದರು ಅಂತ ಅದರಲ್ಲಿ ದೂರು ಕೊಡಬೇಕಾದರೆ 90 ದಿನದ ಒಳಗೆ ಕೊಡಬೇಕು. ತಡವಾದರೆ ಸರಿಯಾದ ಕಾರಣ ಹೇಳಿ ಮನ್ನಾ ಕೇಳಬಹುದು, ಆದರೆ ನಮ್ಮ ವಕೀಲರು ಬೇಡ ಅಂದರು. 1947ರ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟ್ ದಾರಿ ಹಿಡಿದೆವು. ಅದರಲ್ಲಿ ಮೊದಲು ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಕಾಮಗಾರ್ ಭವನ ಅನ್ನುವ ಲೇಬರ್ ಆಫೀಸಿನಲ್ಲಿ ರಾಜಿ ಮಾತುಕತೆಗೆ ಅರ್ಜಿ, 45 ದಿನ ಆದರೂ ಬಗೆಹರಿಯದಿದ್ದರೆ ನೇರ ಲೇಬರ್ ಕೋರ್ಟಿಗೆ ಹೋಗಬಹುದಿತ್ತು, ತೆಗೆದ ದಿನದಿಂದ 3 ವರ್ಷದ ಗಡುವು ಇತ್ತು. 2025ರ ನವೆಂಬರ್ 21ರಿಂದ ಹೊಸ ಲೇಬರ್ ಕೋಡ್‌ಗಳು ಬಂದಿವೆ, ಗಡುವುಗಳೂ ಬದಲಾಗಿವೆ. ಮಾವನದ್ದು ಹಳೇ ಕಾಯ್ದೆಯಲ್ಲಿ ಹಾಕಿದ ಕೇಸು. ಈಗ ಹೊಸದಾಗಿ ಕೆಲಸ ಕಳೆದುಕೊಂಡವರು ನನ್ನ ಈ ಲೆಕ್ಕ ಹಿಡಿದುಕೊಂಡು ಕೂರಬೇಡಿ, ಆ ವಾರವೇ ಯಾರನ್ನಾದರೂ ಕೇಳಿ.

ವಕೀಲರು ಒಳ್ಳೆಯವರೇ. ಆದರೆ ಅವರ ಹತ್ತಿರ ಫೈಲು ಜಾಸ್ತಿ, ಸಮಯ ಕಡಿಮೆ. ಸಾಕ್ಷಿ ಹೇಳಿಕೆಗೆ ತಾರೀಖು ಬಿದ್ದಾಗ, ‘ಎಲ್ಲಾ ಕಾಗದ ತೆಗೆದುಕೊಂಡು ಒಂದು ಅಫಿಡವಿಟ್ ಡ್ರಾಫ್ಟ್ ಮಾಡಿಸಿ ತನ್ನಿ, ನಾನು ತಿದ್ದುತ್ತೇನೆ’ ಅಂದರು. ಸಾಕ್ಷಿ ಅಂದರೆ ಸಿನಿಮಾದ ಹಾಗೆ ಕಟಕಟೆಯಲ್ಲಿ ನಿಂತು ಕಥೆ ಹೇಳುವುದಲ್ಲ. ನಮ್ಮ ಕಡೆಯ ಕಥೆಯೆಲ್ಲ ಅಫಿಡವಿಟ್‌ನಲ್ಲಿ ಬರೆದು ಕೊಡಬೇಕು, ಕಟಕಟೆಯಲ್ಲಿ ನಡೆಯುವುದು ಎದುರಿನ ವಕೀಲರ ಪಾಟೀಸವಾಲು ಮಾತ್ರ. ಅಂದರೆ ಬರೆದ ಪ್ರತಿ ಸಾಲಿಗೂ ಮಾವ ನಿಂತು ಉತ್ತರ ಕೊಡಬೇಕು, ಮರಾಠಿಯಲ್ಲೋ ಹಿಂದಿಯಲ್ಲೋ.

ಈ ಅಂಗಡಿಗೂ ಮೊದಲು ಅಂಧೇರಿಯಲ್ಲಿ ಒಬ್ಬ ‘ಕನ್ಸಲ್ಟಂಟ್’ ಹತ್ತಿರ ಹೋಗಿದ್ದೆವು. ಎಸಿ ರೂಮು, ಗಾಜಿನ ಟೇಬಲ್, ಬಾಯಿ ತುಂಬಾ ಗ್ಯಾರಂಟಿ. ಕಾಗದ ಮುಟ್ಟಿಯೂ ನೋಡದೆ ಐವತ್ತು ಸಾವಿರ ಕೇಳಿದರು. ‘ಕೋರ್ಟಿನಲ್ಲಿ ಏನು ಕೇಳಿದರೂ ಹೀಗೆ ಹೇಳಿ’ ಅಂತ ಉತ್ತರಗಳ ಹಾಳೆ ಕೊಡುತ್ತಾರಂತೆ, ಬಾಯಿಪಾಠ ಮಾಡಬೇಕಂತೆ. ಮಾವನಿಗೆ ಗಾಯತ್ರಿ ಮಂತ್ರವೇ ಪೂರ್ತಿ ಬಾಯಿಪಾಠ ಇಲ್ಲ. ಎದ್ದು ಬಂದೆವು.

ಈ ಅಂಗಡಿಯಲ್ಲಿ ಮೊದಲ ದಿನ ಟೈಪಿಂಗ್ ಆಗಲೇ ಇಲ್ಲ. ಅಣ್ಣ (ಎಲ್ಲರೂ ಹಾಗೇ ಕರೆಯುತ್ತಾರೆ) ಕಾಗದದ ಚೀಲವನ್ನು ಕೌಂಟರ್ ಮೇಲೆ ಸುರಿಸಿಕೊಂಡು ಒಂದೊಂದೇ ತಿರುಗಿಸಿ ನೋಡಿದರು. ಆಮೇಲೆ ಒಂದು ಉದ್ದ ರೂಲ್ಡ್ ಪುಸ್ತಕ ತೆಗೆದು ಎಡಕ್ಕೆ ತಾರೀಖು, ನಡುವೆ ಏನಾಯಿತು, ಬಲಕ್ಕೆ ‘ಕಾಗದ ಎಲ್ಲಿದೆ’ ಅಂತ ಮೂರು ಗೆರೆ ಎಳೆದರು. ಮಾವ ಹೇಳುತ್ತಾ ಹೋಗುವುದು, ಇವರು ಬರೆಯುವುದು. ಬಲಗಡೆ ಖಾಲಿ ಬಿದ್ದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು. ಎರಡು ಪುಟ ಆಗುವಷ್ಟರಲ್ಲಿ ಕೇಸಿನಲ್ಲಿ ಎಲ್ಲಿ ತೂತಿದೆ ಅಂತ ನನಗೂ ಕಂಡಿತು. 2009ರ ನಂತರ ಎಲ್ಲಾ ಗಟ್ಟಿ: ಪಿಎಫ್ ಪಾಸ್‌ಬುಕ್ ಇದೆ, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡ್ ಇದೆ, ಆಮೇಲಿನ ಬ್ಯಾಂಕ್ ಎಂಟ್ರಿ ಇವೆ. 2000ದಿಂದ 2009ರವರೆಗೆ ಸಾಲಾಗಿ ಕೆಂಪು ಸುತ್ತು. ಆಗ ಸಂಬಳ ಕೈಗೆ ನಗದು, ಪಿಎಫ್ ಇಲ್ಲ, ಹೋಟೆಲ್ ಮೇಲಿನ ರೂಮಿನಲ್ಲೇ ವಾಸ.

ವರ್ಷಗಳು ಯಾಕೆ ಮುಖ್ಯ ಅಂದರೆ, ನೋಟಿಸ್ ಇಲ್ಲದೆ, ಪರಿಹಾರ ಇಲ್ಲದೆ ತೆಗೆಯಬಾರದು ಅನ್ನುವ 25ಎಫ್ ಕಲಂ ಆ ಹಳೇ 1947ರ ಕಾಯ್ದೆಯಲ್ಲಿತ್ತು. ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಅದು ಸಿಗಬೇಕಾದರೆ ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದೇನೆ ಅಂತ ಕೆಲಸಗಾರನೇ ತೋರಿಸಬೇಕು. ಆ 240 ಪಿಎಫ್‌ನಿಂದ ಬರುತ್ತದೆ. ಆದರೆ 22 ವರ್ಷವೋ 13 ವರ್ಷವೋ ಅನ್ನುವುದರಲ್ಲಿ ಹಣ ಎಷ್ಟು ಬದಲಾಗುತ್ತದೆ ನೋಡಿ.

ಅಣ್ಣ ಕೇಳಿದ ಪ್ರಶ್ನೆ ಇದು: ‘ಮನಿಗೆ ರೊಕ್ಕ ಹ್ಯಾಂಗ ಕಳಸ್ತಿದ್ರಿ?’

ಮನಿ ಆರ್ಡರ್. ಮಾವ ಪ್ರತಿ ತಿಂಗಳು ಅಜ್ಜಿಗೆ ಮನಿ ಆರ್ಡರ್ ಮಾಡುತ್ತಿದ್ದರು. ಆ ಫಾರ್ಮಿನ ಕೆಳಗಿನ ತುಂಡು ಹಣ ಪಡೆದವರ ಹತ್ತಿರವೇ ಉಳಿಯುತ್ತಿತ್ತಲ್ಲ, ಎರಡು ಸಾಲು ಕ್ಷೇಮ ಸಮಾಚಾರ ಬರೆಯಲು ಜಾಗ ಇರುತ್ತಿತ್ತಲ್ಲ, ಅದು. ಊರಿಗೆ ಫೋನ್ ಮಾಡಿದೆವು. ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದರೂ ಅವರ ಅಲ್ಯೂಮಿನಿಯಂ ಪೆಟ್ಟಿಗೆ ಅಟ್ಟದಲ್ಲೇ ಇತ್ತು. ಅದರಲ್ಲಿ ದಾರ ಕಟ್ಟಿದ ಒಂದು ಕಟ್ಟು ಕೂಪನ್. ಕಳುಹಿಸಿದವರ ವಿಳಾಸದ ಜಾಗದಲ್ಲಿ ಮಾವನ ಹೆಸರು, ಕೆಳಗೆ ಆ ಹೋಟೆಲಿನ ಹೆಸರು, ಘಾಟ್ಕೋಪರ್. ಅಂಚೆಯ ಮೊಹರಿನಲ್ಲಿ 2000ರ ಜುಲೈ. ‘ಮಳೆ ಜೋರು. ಇಲ್ಲಿ ಎಲ್ಲ ಸೌಖ್ಯ. ಹೊಸ ಹೋಟೆಲ್ ಸೇರಿದ್ದೇನೆ, ಊಟ ಚೆನ್ನಾಗಿದೆ’ ಅಂತ ಓರೆ ಅಕ್ಷರ. ಅಣ್ಣ ಕನ್ನಡಕ ಮೇಲೆತ್ತಿ ಮೊಹರನ್ನು ಬೆಳಕಿಗೆ ಹಿಡಿದು ನೋಡಿ, ‘ಇದನ್ನ ಯಾರ ಕೈಯಾಗೂ ಕೊಡಬ್ಯಾಡ್ರಿ, ವಕೀಲರಿಗೂ ಝೆರಾಕ್ಸ್ ಅಷ್ಟ ಕೊಡ್ರಿ, ಅಸಲು ಕೋರ್ಟಿನ್ಯಾಗ ತೋರಸ್ರಿ’ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟರು. ಕೂಪನ್ನಿನ ಕನ್ನಡ ಸಾಲುಗಳಿಗೆ ಮರಾಠಿ ಅನುವಾದವೂ ಅವರೇ ಟೈಪ್ ಮಾಡಿದರು. ಈ ಒಂದು ಪ್ರಶ್ನೆಗೇ ನಾನು ಕೊಟ್ಟ ಹಣ ವಸೂಲು.

ಹಾಗೇ ಇನ್ನೊಂದು. ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ಎಲ್ಲ ಮಾಲೀಕರ ಕೈಯಲ್ಲೇ ಇರುತ್ತವೆ. ಅವನ್ನು ಕೋರ್ಟಿಗೆ ತರಿಸಿ ಅಂತ ಅರ್ಜಿ ಹಾಕಲು ವಕೀಲರಿಗೆ ನೆನಪಿಸಿ ಎಂದರು. ಹಾಕಿದೆವು. ತರದಿದ್ದರೆ ಅದನ್ನು ಮಾಲೀಕರಿಗೆ ವಿರುದ್ಧವಾಗಿ ಕೋರ್ಟ್ ನೋಡಬಹುದು. ತಂದರೆ ನಮಗೇ ಲಾಭ. ಇದು ವಕೀಲರಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಅಷ್ಟು ಫೈಲಿನ ಮಧ್ಯೆ ಯಾರಾದರೂ ನೆನಪಿಸಬೇಕು ಅಲ್ವಾ.

ಇನ್ನು ತಾಲೀಮು. ಅಣ್ಣ ಇದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ, ಮೊದಲೇ ಹೇಳುತ್ತಾರೆ. ಸಂಜೆ ರಷ್ ಇಳಿದ ಮೇಲೆ ಶಟರ್ ಅರ್ಧ ಎಳೆದು, ಮಾವನನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ಎದುರಿನ ವಕೀಲರಾದರು. ಧ್ವನಿಯೇ ಬದಲು, ಭಾಷೆಯೂ ಮುಂಬೈ ಹಿಂದಿ.

ಗಲ್ಲಾದಲ್ಲಿ ಯಾರು ಕೂರುತ್ತಿದ್ದರು? ನಾನೇ. ಹುಡುಗರಿಗೆ ಟೇಬಲ್ ಹಂಚುತ್ತಿದ್ದವರು? ನಾನೇ. ಹಾಲು, ತರಕಾರಿಯವರ ಜೊತೆ ಮಾತಾಡುತ್ತಿದ್ದವರು? ನಾನೇ. ಹಾಗಾದರೆ ಹೋಟೆಲಿನ ಮ್ಯಾನೇಜರ್ ನೀವೇ. ಮಾವ ಬೆನ್ನು ನೆಟ್ಟಗೆ ಮಾಡಿ, ‘ಹೌದು, ಮತ್ತೆ? ಎಲ್ಲಾ ಗಿರಾಕಿಗಳೂ ಹಾಗೇ ಕರೆಯೋದು, ನಾನಿಲ್ಲದಿದ್ರೆ ಹೋಟೆಲೇ ನಡೀತಿರ್ಲಿಲ್ಲ’ ಎಂದರು.

ಅಣ್ಣ ಪೆನ್ನು ಕೆಳಗಿಟ್ಟರು. ‘ಕೇಸು ಮುಗೀತು, ಹೋಗಿ ಚಾ ಕುಡದು ಬರ್ರಿ.’

ವಿಷಯ ಏನಂದರೆ ಲೇಬರ್ ಕೋರ್ಟಿಗೆ ಬರಲು ನೀವು ಕಾಯ್ದೆಯ ಲೆಕ್ಕದಲ್ಲಿ ‘ವರ್ಕ್‌ಮನ್’ ಆಗಿರಬೇಕು. ಮುಖ್ಯವಾಗಿ ಮ್ಯಾನೇಜರ್ ಕೆಲಸ ಮಾಡುವವರು ಅದರಲ್ಲಿ ಬರುವುದಿಲ್ಲ. ಸೂಪರ್‌ವೈಸರ್ ಆಗಿದ್ದು ತಿಂಗಳಿಗೆ 10,000 ರೂಪಾಯಿಗಿಂತ ಜಾಸ್ತಿ ಸಂಬಳ ಇದ್ದರೂ ಬರುವುದಿಲ್ಲ. ಇದು ಹಳೇ ಕಾಯ್ದೆಯ ಮಿತಿ, ಹೊಸ ಕೋಡ್‌ನಲ್ಲಿ 18,000. ಮಾವನ ಸಂಬಳ 14,000. ಎದುರಿನವರ ಲಿಖಿತ ಉತ್ತರದಲ್ಲಿ ಮೊದಲ ಪ್ಯಾರಾದಲ್ಲೇ ‘ಇವರು ಹೋಟೆಲಿನ ಮ್ಯಾನೇಜರ್’ ಅಂತ ಬರೆದಿದ್ದರು. ಅದನ್ನು ನಾವೆಲ್ಲ ಓದಿದ್ದೆವು. ಮಾವನಿಗೆ ಅದು ಆರೋಪ ಅಂತ ಅನಿಸಿಯೇ ಇರಲಿಲ್ಲ, ಮರ್ಯಾದೆ ಕೊಟ್ಟಿದ್ದಾರೆ ಅಂತ ಅನಿಸಿತ್ತು!

ಇಲ್ಲಿ ಅಂಧೇರಿಯವರಾಗಿದ್ದರೆ ‘ನಾನು ಮ್ಯಾನೇಜರ್ ಅಲ್ಲ ಅಂತ ಹೇಳಿ’ ಅಂತ ಹಾಳೆ ಕೊಡುತ್ತಿದ್ದರು. ಈ ಅಣ್ಣ ಹಾಗೆ ಮಾಡಲಿಲ್ಲ. ಚಾ ಕುಡಿದು ಬಂದ ಮೇಲೆ, ‘ಮುಂಜಾನೆ ಎದ್ದಾಗಿಂದ ರಾತ್ರಿ ಮಲಗೋತನ ಏನೇನ್ ಮಾಡ್ತಿದ್ರಿ, ಅದಷ್ಟ ಹೇಳ್ರಿ, ಬಿರುದು ಬ್ಯಾಡ’ ಎಂದರು. ಮಾವ ಹೇಳಿದರು. ಐದು ಗಂಟೆಗೆ ಶಟರ್ ಎತ್ತುವುದು, ಹಾಲಿನ ಕ್ರೇಟ್ ಎಣಿಸುವುದು, ಗ್ರೈಂಡರ್ ಹುಡುಗ ಬರದ ದಿನ ತಾನೇ ಹಿಟ್ಟು ರುಬ್ಬಿಸುವುದು, ಬೆಳಗಿನ ರಷ್‌ನಲ್ಲಿ ತಾನೇ ಇಡ್ಲಿ ಪ್ಲೇಟ್ ಹಿಡಿದು ಓಡುವುದು, ಕ್ಲೀನರ್ ಇಲ್ಲದಾಗ ಟೇಬಲ್ ಒರೆಸುವುದು, ರಾತ್ರಿ ಗಲ್ಲಾ ಎಣಿಸಿ ಮಾಲೀಕರ ಭಾವಮೈದುನನ ಕೈಗೆ ಕೊಟ್ಟು ಪುಸ್ತಕದಲ್ಲಿ ಅವರ ಸಹಿ ತೆಗೆದುಕೊಳ್ಳುವುದು. ಯಾರಿಗಾದರೂ ರಜೆ ಕೊಡುತ್ತಿದ್ರಾ? ಇಲ್ಲ, ಮಾಲೀಕರಿಗೆ ಫೋನ್. ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡಿದ್ರಾ, ತೆಗೆದಿದ್ರಾ? ಇಲ್ಲ. ಚೆಕ್ಕಿಗೆ ಸಹಿ? ಇಲ್ಲ. ತರಕಾರಿ ರೇಟು ಒಪ್ಪುತ್ತಿದ್ದವರು? ಮಾಲೀಕರು, ನಾನು ಬರೀ ತೂಕ ನೋಡ್ತಿದ್ದೆ. ಒಂದು ಹೊಸ ಲೈಟರ್ ತರಬೇಕಾದರೂ? ಕೇಳಬೇಕು ಮಾರಾಯ್ರೆ.

ಅದೆಲ್ಲ ಇದ್ದ ಹಾಗೇ ಅಫಿಡವಿಟ್‌ಗೆ ಹೋಯಿತು, ಗಿರಾಕಿಗಳು ಮ್ಯಾನೇಜರ್ ಅಂತ ಕರೆಯುತ್ತಿದ್ದರು ಅನ್ನುವುದೂ ಸೇರಿ. ಅಡಗಿಸಿಟ್ಟರೆ ಅದನ್ನೇ ಎದುರಿನವರು ಎಳೆಯುತ್ತಾರೆ, ನಾವೇ ಬರೆದರೆ ಅದರಲ್ಲಿ ಎಳೆಯಲು ಏನೂ ಉಳಿಯುವುದಿಲ್ಲ ಅನ್ನುವುದು ಅಣ್ಣನ ಲೆಕ್ಕ. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯನಿಗೆ ತನಗೆ ಅಧಿಕಾರವೇ ಇರಲಿಲ್ಲ ಅಂತ ತನ್ನ ಬಾಯಲ್ಲೇ ಹೇಳಿಸುವುದು ಸುಲಭ ಅಲ್ಲ. ಆ ದಿನ ಟ್ರೈನಿನಲ್ಲಿ ದಾದರ್‌ನಿಂದ ಡೊಂಬಿವಲಿಯವರೆಗೆ ಮಾವ ಮಾತಾಡಲಿಲ್ಲ.

ಸಂಪಾದನೆ ಬಗ್ಗೆಯೂ ಹೀಗೇ ಆಯಿತು. ಕೆಲಸ ಹೋದ ಮೇಲೆ ಮಾವ ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ನವರ ಜೊತೆ ಹೋಗುತ್ತಿದ್ದಾರೆ. ಅದು ಗೊತ್ತಾದರೆ ಕೆಲಸದಿಂದ ಹೊರಗಿದ್ದ ದಿನಗಳ ಸಂಬಳ ಸಿಗಲ್ಲ ಅಂತ ಯಾರೋ ಹೆದರಿಸಿದ್ದರಿಂದ ಮುಚ್ಚಿಡಬೇಕು ಅಂತಿದ್ದರು. ಅಣ್ಣ ಒಪ್ಪಲಿಲ್ಲ. 2013ರಲ್ಲಿ ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಬೇರೆ ಕೆಲಸ ಇರಲಿಲ್ಲ ಅಥವಾ ಕಡಿಮೆ ಸಂಬಳದ ಕೆಲಸ ಇತ್ತು ಅಂತ ಕೆಲಸಗಾರ ಮೊದಲು ಹೇಳಬೇಕು, ಅಲ್ಲ ಚೆನ್ನಾಗಿಯೇ ದುಡಿಯುತ್ತಿದ್ದ ಅಂತ ತೋರಿಸುವ ಹೊರೆ ಆಮೇಲೆ ಮಾಲೀಕರದ್ದು. ಹಾಗಾಗಿ ಎಷ್ಟು ಸಿಗುತ್ತದೆ, ಯಾವ ತಿಂಗಳಲ್ಲಿ ಸಿಗುತ್ತದೆ ಅಂತ ಬರೆಸಿದರು. ನಮ್ಮ ವಕೀಲರು ಡ್ರಾಫ್ಟ್ ನೋಡಿ ಈ ಪ್ಯಾರಾದ ಪಕ್ಕ ಟಿಕ್ ಹಾಕಿದರು, ಬೇರೆ ಎಷ್ಟೋ ಪ್ಯಾರಾ ಹೊಡೆದು ಹಾಕಿದರು ಅನ್ನಿ.

ಅಫಿಡವಿಟ್ ಮರಾಠಿಯಲ್ಲಿ. ಮಾವನಿಗೆ ಮರಾಠಿ ಮಾತು ಬರುತ್ತದೆ, ಓದಲು ಬರುವುದಿಲ್ಲ, ಸಹಿ ಕನ್ನಡದಲ್ಲಿ. ಇಂಥ ಕಡೆ ಸಾಮಾನ್ಯವಾಗಿ ‘ಇಲ್ಲಿ ಸೈನ್ ಮಾಡಿ, ಇಲ್ಲಿ, ಇಲ್ಲಿ’ ಅಂತ ಬೆರಳು ತೋರಿಸಿ ಮುಗಿಸುತ್ತಾರೆ. ಇಲ್ಲಿ ಅಣ್ಣ ಒಂದೊಂದು ಪ್ಯಾರಾ ಓದಿ ಕನ್ನಡದಲ್ಲಿ ಹೇಳಿದರು. ಮಾವ ‘ಹೂಂ’ ಅಂದರೆ ಸಾಲದು, ತಿರುಗಿ ತಮ್ಮ ಮಾತಿನಲ್ಲಿ ಹೇಳಬೇಕು. ಅಕ್ಕಲಕೋಟೆ ಕನ್ನಡ ಕುಂದಾಪುರದವರಿಗೆ, ಕುಂದಾಪುರದ್ದು ಅವರಿಗೆ ಅರ್ಧ ಅರ್ಥ, ನಡುವೆ ನಾನು ದುಭಾಷಿ. ಆದರೂ ಹೀಗೆ ಓದಿಸಿದ್ದರಿಂದಲೇ ಎರಡು ತಪ್ಪು ಸಿಕ್ಕವು. ಒಂದು ಕಡೆ ‘ಕೆಲಸ ಬಿಟ್ಟ ದಿನ’ ಅಂತ ಟೈಪ್ ಆಗಿತ್ತು. ಬಿಟ್ಟದ್ದಲ್ಲ, ತೆಗೆದದ್ದು! ಅದನ್ನು ಹಿಡಿದದ್ದು ಮಾವನೇ. ಕೊನೆಗೆ ‘ಕನ್ನಡದಲ್ಲಿ ಓದಿ ಹೇಳಿ ತಿಳಿಸಲಾಗಿದೆ’ ಅನ್ನುವ ಸಾಲು ಸೇರಿಸಿದರು. ಪಾಟೀಸವಾಲಿನಲ್ಲಿ ‘ನಿಮಗೆ ಮರಾಠಿ ಓದಲು ಬರುತ್ತದಾ? ಮತ್ತೆ ಇದರಲ್ಲಿ ಏನಿದೆ ಅಂತ ಹೇಗೆ ಗೊತ್ತು?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ ಎಂದಿದ್ದರು. ಬಂತು.

ಪಾಟೀಸವಾಲಿನ ಒಂದು ರೀತಿಯನ್ನು ಅವರು ಮೊದಲೇ ಅಭ್ಯಾಸ ಮಾಡಿಸಿದ್ದು ತುಂಬಾ ಕೆಲಸಕ್ಕೆ ಬಂತು. ಎದುರಿನ ವಕೀಲರು ಪ್ರಶ್ನೆ ಕೇಳುವುದಕ್ಕಿಂತ ಹೇಳಿಕೆ ಎಸೆಯುವುದೇ ಜಾಸ್ತಿ: ‘ನೀವೇ ಕೆಲಸ ಬಿಟ್ಟಿರಿ ಅಂತ ನಾನು ಹೇಳುತ್ತೇನೆ’, ‘ಹಣಕ್ಕಾಗಿ ಸುಳ್ಳು ಕೇಸು ಹಾಕಿದ್ದೀರಿ’. ಹೊಸಬರಿಗೆ ಸಿಟ್ಟು ಬರುತ್ತದೆ, ಉದ್ದ ಸಮರ್ಥನೆ ಶುರು ಮಾಡುತ್ತಾರೆ, ಅದರಲ್ಲಿ ಏನೋ ಒಂದು ಮಾತು ಜಾರುತ್ತದೆ. ಅಣ್ಣ ಹೇಳಿಕೊಟ್ಟದ್ದು, ಅದು ಬೈಗುಳ ಅಲ್ಲ, ಅವರ ಕಡೆಯ ಕಥೆಯನ್ನು ರೆಕಾರ್ಡಿಗೆ ಹಾಕಲು ಹಾಗೆ ಕೇಳಲೇಬೇಕು. ಸುಳ್ಳಾದರೆ ‘ಅಸೇ ಮ್ಹಣಣೇ ಖರೇ ನಾಹೀ’ (ಹಾಗೆ ಹೇಳುವುದು ನಿಜವಲ್ಲ) ಅಂತ ಹೇಳಿ ಸುಮ್ನೆ ನಿಲ್ಲಿ. ನೆನಪಿಲ್ಲದಿದ್ದರೆ ನೆನಪಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ. ಪ್ರಶ್ನೆ ಅರ್ಥವಾಗದಿದ್ದರೆ ಜಡ್ಜ್ ಕಡೆ ನೋಡಿ ಅರ್ಥವಾಗಲಿಲ್ಲ ಅನ್ನಿ, ನನ್ನ ಕಡೆನೋ ಅಳಿಯನ ಕಡೆನೋ ನೋಡಬೇಡಿ.

ತಾರೀಖಿನ ದಿನ ಹನ್ನೊಂದಕ್ಕೇ ಹೋಗಿ ಕೂತಿದ್ದೆವು, ಕರೆದದ್ದು ಮಧ್ಯಾಹ್ನದ ಮೇಲೆ. ಕಾಗದಗಳಿಗೆ ಅಲ್ಲಿ ಅಕ್ಷರ ಹಾಕುತ್ತಾರೆ, ಕೆಲಸಗಾರರ ಕಡೆಯದು ಯು, ಕಂಪನಿ ಕಡೆಯದು ಸಿ. ಅಣ್ಣ ನಮ್ಮ ಸ್ಪೈರಲ್ ಪುಸ್ತಕದಲ್ಲಿ ಆ ನಂಬರಿನ ಪ್ರಕಾರವೇ ಬಣ್ಣದ ಚೀಟಿ ಅಂಟಿಸಿದ್ದರು. ‘ಯು ಇಷ್ಟು ನೋಡಿ’ ಅಂದ ಕೂಡಲೇ ನಮ್ಮ ವಕೀಲರ ಕೈಗೆ ಸಿಗುತ್ತಿತ್ತು. ಎದುರಿನವರ ಜೂನಿಯರ್ ಪಾಪ ಪುಟ ಹುಡುಕುತ್ತಲೇ ಇದ್ದ. ಮ್ಯಾನೇಜರ್ ಪ್ರಶ್ನೆ ಬಂದಾಗ ಮಾವ, ‘ಗಿರಾಕಿಗಳು ಹಾಗೆ ಕರೆಯುತ್ತಿದ್ದರು, ನನ್ನ ಕೆಲಸ ಅಫಿಡವಿಟ್‌ನಲ್ಲಿ ಬರೆದಿದ್ದೇನೆ’ ಅಂದರು. ಮನಿ ಆರ್ಡರ್ ಕೂಪನ್ ಬಗ್ಗೆ, ‘ಇದನ್ನು ಈಗ ತಯಾರು ಮಾಡಿದ್ದು’ ಅಂತ ಒಂದು ಹೇಳಿಕೆ ಬಂತು. ಮಾವ ಖರೇ ನಾಹೀ ಅಂದರು. ಮೊಹರು ಇದ್ದದ್ದರಿಂದ ಮುಂದೆ ಎಳೆಯಲಿಲ್ಲ. ಕೊನೆಗೆ ಬರೆದುಕೊಂಡದ್ದನ್ನು ಓದಿ ಹೇಳಿ ಸಹಿ ತೆಗೆದುಕೊಂಡರು.

ಈಗ ಬೈಯುವ ಭಾಗ. ಸ್ಕ್ಯಾನರ್ ದರಿದ್ರ. ಪಿಎಫ್ ಪಾಸ್‌ಬುಕ್ಕಿನ ಬಲಗಡೆಯ ಅಂಕಿಗಳು ಕಟ್ ಆಗಿದ್ದವು, ನಾನು ನೋಡದಿದ್ದರೆ ಹಾಗೇ ಫೈಲಿಗೆ ಹೋಗುತ್ತಿತ್ತು. ಫೋನ್ ಎತ್ತುವುದೇ ಇಲ್ಲ, ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಊಟಕ್ಕೆ ಅಂತ ಹೋದರೆ ಯಾವಾಗ ಬರುತ್ತಾರೆ ಅಂತ ಅಂಗಡಿಯ ಹುಡುಗನಿಗೂ ಗೊತ್ತಿಲ್ಲ. ಇರುವುದು ಒಂದೇ ಬೆಂಚು, ನಿಮ್ಮ ಕೇಸಿನ ಕಥೆಯನ್ನು ಪಕ್ಕದಲ್ಲಿ ಕೂತವರೂ ಕೇಳುತ್ತಾರೆ, ಕೆಲವರು ಸಲಹೆಯನ್ನೂ ಕೊಡುತ್ತಾರೆ. ಹೆಂಗಸರು ಕೆಲಸದ ಜಾಗದ ಕಿರುಕುಳದಂಥ ವಿಷಯಕ್ಕೆ ಬಂದರೆ ಇಲ್ಲಿ ಹೇಗೆ ಬಾಯಿ ಬಿಡುವುದು? ನಾನಂತೂ ಅಂಥವರನ್ನು ಇಲ್ಲಿಗೆ ಕಳಿಸುವುದಿಲ್ಲ. ಇನ್ನು ಅಣ್ಣನಿಗೆ ಹಳೇ ಮಿಲ್ ಮುಷ್ಕರದ ನೆನಪು ಬಂದರೆ, 1982 ಅಂತ ಶುರುವಾದರೆ, ನಿಮ್ಮ ಲೋಕಲ್ ಹೋಯಿತು ಅಂತಲೇ ಲೆಕ್ಕ.

ರೇಟು ಹೀಗಿದೆ: ಟೈಪಿಂಗ್ ಪುಟಕ್ಕೆ 40 ರೂಪಾಯಿ, ಮರಾಠಿಗೆ ಅನುವಾದ ಆದರೆ ಪುಟಕ್ಕೆ 150, ಝೆರಾಕ್ಸ್ 2 ರೂಪಾಯಿ, ತಾಲೀಮಿಗೆ ಒಟ್ಟು 1,500. ಯುಪಿಐ ನಡೆಯುತ್ತದೆ. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ. ಮುಂದಿನ ತಾರೀಖು ನೋಡಲು ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರದ ಸಿಎನ್‌ಆರ್ ನಂಬರ್, ಅಂದರೆ ಕೇಸಿನ ಗುರುತಿನ ನಂಬರ್, ಹಾಕುವುದನ್ನು ಹುಡುಗ ಮಾವನ ಫೋನಿನಲ್ಲೇ ಪುಕ್ಕಟೆ ತೋರಿಸಿಕೊಟ್ಟ.

ವಕೀಲರೇ ಇಲ್ಲದವರು ಇಲ್ಲಿಗೆ ಬಂದು ಕೇಸು ನಡೆಸಿಕೊಡಿ ಅಂದರೆ ಅಣ್ಣ ವಾಪಸ್ ಕಳಿಸುತ್ತಾರೆ. ಅಂಥವರು ಸರ್ಕಾರಿ ಉಚಿತ ಕಾನೂನು ನೆರವು ಕೇಳಬಹುದು. 1987ರ ಲೀಗಲ್ ಸರ್ವಿಸಸ್ ಅಥಾರಿಟೀಸ್ ಆಕ್ಟ್‌ನ 12ನೇ ಕಲಂನಲ್ಲಿ ಕೈಗಾರಿಕಾ ಕೆಲಸಗಾರರನ್ನೂ ಸೇರಿಸಿದ್ದಾರೆ, ಹೆಲ್ಪ್‌ಲೈನ್ 15100. ಇದು ಬಹಳ ಜನ ಹೋಟೆಲ್ ಹುಡುಗರಿಗೆ ಗೊತ್ತೇ ಇಲ್ಲ.

ಸಾಕ್ಷಿ ಮುಗಿದ ಮೇಲೆ ಎದುರಿನವರು ಸೆಟ್ಲ್‌ಮೆಂಟ್ ಮಾತು ಎತ್ತಿದ್ದಾರೆ. ಒಂದು ಮೊತ್ತ ಹೇಳಿ ‘ಎಲ್ಲಾ ಬಾಕಿ ಚುಕ್ತಾ’ ಅಂತ ಬರೆದ ಡ್ರಾಫ್ಟ್ ಕಳಿಸಿದರು. ಅದನ್ನು ಅಂಗಡಿಯಲ್ಲಿ ಓದಿಸಿದೆವು. ಅಣ್ಣ ಕ್ಯಾಲ್ಕುಲೇಟರ್ ತೆಗೆದರು. ಗ್ರಾಚ್ಯುಟಿ ಈ ಕೇಸಿನ ಹಣವೇ ಅಲ್ಲ, ಮಾವನ ಕೆಲಸ ಹೋದಾಗ ಅದಕ್ಕೆ ಇದ್ದದ್ದು 1972ರ ಬೇರೆ ಕಾಯ್ದೆ, ಬೇರೆ ಅಧಿಕಾರಿ. 5 ವರ್ಷ ದುಡಿದವರು ತಾವೇ ಬಿಟ್ಟಿದ್ದರೂ, ತೆಗೆದಿದ್ದರೂ ಸಿಗಬೇಕು. ಕೊನೆಯ ಸಂಬಳ 14,000 ಗುಣಿಸು 15, ಭಾಗಿಸು 26, ಗುಣಿಸು 22. ಸುಮಾರು 1,77,692 ರೂಪಾಯಿ. ಎದುರಿನವರು ‘ಎಲ್ಲಾ ಸೇರಿ’ ಅಂತ ಕೊಡಲು ಬಂದದ್ದು ಇದಕ್ಕಿಂತಲೂ ಕಡಿಮೆ! ಡ್ರಾಫ್ಟ್ ವಕೀಲರಿಗೆ ಕೊಟ್ಟಿದ್ದೇವೆ, ಗ್ರಾಚ್ಯುಟಿಯನ್ನು ಅದರಿಂದ ಹೊರಗಿಡದೆ ಸಹಿ ಇಲ್ಲ ಅಂತ ಮಾವ ಹೇಳಿಬಿಟ್ಟಿದ್ದಾರೆ. ಗ್ರಾಚ್ಯುಟಿ ಅರ್ಜಿಯ ಟೈಪಿಂಗೂ ಇಲ್ಲೇ ಕೊಟ್ಟಿದ್ದೇವೆ. ಪಾಸ್‌ಬುಕ್ ಸ್ಕ್ಯಾನ್ ಮಾತ್ರ ಈ ಸಲ ಡೊಂಬಿವಲಿಯಲ್ಲೇ ಮಾಡಿಸಿಕೊಂಡು ಹೋಗುತ್ತೇನೆ.